ಕಾವೇರಿಯನ್ನು ಕಳುಹಿಸಿದವರು ಯಾರು?

ತ್ರಿವೇಣಿಯವರ ಕಾದಂಬರಿ ಆಧರಿಸಿದ ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಟಿವಿಯಲ್ಲಿ ಬಂದಾಗಲೆಲ್ಲ ನಮ್ಮ ಉಪ್ಪಾರಹಳ್ಳಿಯಲ್ಲಿ ಒಂದೇ ತಕರಾರು: ಗುಣವಾಗಿ ಬಂದ ಕಾವೇರಿಯನ್ನು ಕೊನೆಗೆ ಮತ್ತೆ ಹುಚ್ಚಾಸ್ಪತ್ರೆಗೆ ಕಳುಹಿಸಬೇಕಿತ್ತೇ? ‘ಆಪ್ತಮಿತ್ರ’ದ (2004) ಗಂಗಾ ಕೊನೆಯಲ್ಲಿ ಗುಣವಾಗುತ್ತಾಳೆ, ನಾವು ಹೆದರಿ, ನಕ್ಕು, ನೆಮ್ಮದಿಯಾಗಿ ಮಲಗುತ್ತೇವೆ. ಕಾವೇರಿ ಮಲಗಗೊಡುವುದಿಲ್ಲ. ಅವಳನ್ನು ಕಳುಹಿಸಿದ್ದು ನಿರ್ದೇಶಕರಲ್ಲ. ಗಂಡನ ದ್ರೋಹ, ಸುತ್ತಲಿನವರ ಸಂಶಯ. ಅವಳಿಗಾಗಿ ಕಣ್ಣೊರೆಸಿಕೊಂಡ ನಾವೇ ಮರುದಿನ ಆಸ್ಪತ್ರೆಯಿಂದ ಮರಳಿದವಳನ್ನು ‘ಹುಚ್ಚಿ’ ಎನ್ನುತ್ತೇವೆ, ಜಿನ್ನ್ ಹಿಡಿದಿದೆಯೆಂದು ದರ್ಗಾಕ್ಕೆ ಎಳೆದೊಯ್ಯುತ್ತೇವೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ನಡೆಯುತ್ತಿದ್ದ ಖಾಸಗಿ ಧಾಮಕ್ಕೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಸತ್ತರು. ಅದಕ್ಕಿಂತ ಕರಾಳ ಅಂತ್ಯ ಯಾವ ಸಿನಿಮಾದಲ್ಲಿದೆ? ಕಾವೇರಿಯ ಕಥೆ ತಿದ್ದಬೇಕೆನ್ನುವ ನಾವು ಮೊದಲು, ಗುಣವಾಗಿ ಬಂದ ತಾಯಿಯ ಕೈಗೆ ಅವಳ ಮಗುವನ್ನು ಹೆದರದೆ ಕೊಡೋಣ.