ಚಂದ್ರನ ಮಣ್ಣು, ಹಲಸೂರಿನ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಅನುಭವದ ಮಾತು. ಭೂಮಿಯ ಮೇಲೆಯೇ ಇಷ್ಟು ಕಷ್ಟವಾದ ಈ ಕಾರ್ಯವನ್ನು ಮಾನವನು ಈಗ ಚಂದ್ರನ ಮೇಲೆ ಸಾಧಿಸಬಯಸಿದ್ದಾನೆ. ಅಲ್ಲಿ ಉಸಿರಾಡಲು ಗಾಳಿಯಿಲ್ಲ, ಗಾರೆ ಕೆಲಸದವರಿಲ್ಲ. ಮಣ್ಣು ಮಾತ್ರ ಹೇರಳವಾಗಿದೆ. ಆ ಮಣ್ಣಿನಿಂದಲೇ ಯಂತ್ರವು ಗೋಡೆಗಳನ್ನು ಪದರಪದರವಾಗಿ ಮುದ್ರಿಸಬೇಕೆಂಬುದು ವಿಜ್ಞಾನಿಗಳ ಆಶಯ.

ಗೋಡೆಯನ್ನು ಮುದ್ರಿಸುವುದೆಂದರೇನು? ಬೆಂಗಳೂರಿನ ಹಲಸೂರಿಗೆ ಸಮೀಪದ ಕೇಂಬ್ರಿಡ್ಜ್ ಬಡಾವಣೆಯ ಅಂಚೆ ಕಚೇರಿಯೇ ಇದಕ್ಕೆ ಉತ್ತರ. 1,021 ಚದರ ಅಡಿಯ ಈ ಕಟ್ಟಡವನ್ನು ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯು ಮದ್ರಾಸಿನ ಐ.ಐ.ಟಿ.ಯ ಮಾರ್ಗದರ್ಶನದಲ್ಲಿ 43 ದಿನಗಳಲ್ಲಿ ನಿರ್ಮಿಸಿತು. ಬೇಗನೆ ಗಟ್ಟಿಯಾಗುವ ಕಾಂಕ್ರೀಟನ್ನು ಯಂತ್ರವು ನಕ್ಷೆಗನುಸಾರವಾಗಿ ಪದರದ ಮೇಲೆ ಪದರವಾಗಿ ಸುರಿಯುತ್ತ ಹೋಯಿತು. ಭಾರತದಲ್ಲಿ ಹೀಗೆ ಮುದ್ರಿತವಾದ ಮೊದಲ ಅಂಚೆ ಕಚೇರಿ ಇದು. 2023ರ ಆಗಸ್ಟ್ 18ರಂದು ಇದರ ಉದ್ಘಾಟನೆಯಾಯಿತು. ಐದೇ ದಿನಗಳ ಬಳಿಕ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿಯಿತು.

ಆದರೆ ಹಲಸೂರಿಗೆ ಸಿಮೆಂಟನ್ನು ಲಾರಿಯಲ್ಲಿ ತರಬಹುದು, ಚಂದ್ರನಿಗೆ ತರಲಾದೀತೇ? ರಾಕೆಟ್ಟಿನಲ್ಲಿ ಹೊತ್ತೊಯ್ಯುವ ಒಂದೊಂದು ಸೇರು ಭಾರಕ್ಕೂ ಅಪಾರ ವೆಚ್ಚ ತಗಲುತ್ತದೆ. ಈ ಕಾರಣದಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಇಸ್ರೋದ ಸಂಶೋಧಕರು 2020ರಲ್ಲಿ ಒಂದು ಹೊಸ ದಾರಿ ತೋರಿದರು. ಚಂದ್ರನ ಮಣ್ಣನ್ನು ಹೋಲುವಂತೆ ಸಿದ್ಧಪಡಿಸಿದ ಪುಡಿಗೆ ಅವರು ಯೂರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ ಮತ್ತು ಗೋರಿಬೀಜದ ಅಂಟನ್ನು ಬೆರೆಸಿದರು. ಬ್ಯಾಕ್ಟೀರಿಯಾಗಳಿಂದ ಉಂಟಾದ ಸುಣ್ಣದ ಹರಳುಗಳು ಕಣಗಳನ್ನು ಬೆಸೆದು ಇಟ್ಟಿಗೆಯಾಗಿಸಿದವು. ನಮ್ಮ ಅಡುಗೆಮನೆಯ ಗೋರಿಕಾಯಿಯೂ ಚಂದ್ರನ ಮನೆಗೆ ನೆರವಾಗಬಹುದೆಂಬುದು ಎಷ್ಟು ಸೊಗಸು! ಈ ಪ್ರಯೋಗವು ಇನ್ನೂ ಭೂಮಿಯಲ್ಲಿಯೇ ಇದೆ ಎಂಬುದನ್ನು ಮಾತ್ರ ಮರೆಯಲಾಗದು.

ಇದ್ದಲ್ಲಿಯ ವಸ್ತುವಿನಿಂದ ಕಟ್ಟುವ ಈ ಸೂತ್ರ ಹೊಸದೇನೂ ಅಲ್ಲ. ಹಲಸೂರಿನ ಸೋಮೇಶ್ವರ ದೇವಾಲಯವನ್ನು ಕಟ್ಟಿದ ಶಿಲ್ಪಿಗಳು ಈ ನಾಡಿನ ಕಗ್ಗಲ್ಲನ್ನೇ ನೆಚ್ಚಿದ್ದರು. ದೂರದಿಂದ ತಂದದ್ದೇ ಶ್ರೇಷ್ಠವೆಂಬ ಭ್ರಮೆ ನಮ್ಮನ್ನು ಕವಿದದ್ದು ಈಚೆಗೆ.

‘ಇಲ್ಲಿಯೇ ಸೂರಿಲ್ಲದವರಿರುವಾಗ ಚಂದ್ರನಲ್ಲಿ ಮನೆಯೇಕೆ?’ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಯಂತ್ರವೇ ಗೋಡೆಯನ್ನೆಬ್ಬಿಸಿದರೆ ಕರಣೆ ಹಿಡಿದ ಕೈಗಳ ಅನ್ನಕ್ಕೆ ಗತಿಯೇನು ಎಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಮನುಷ್ಯನು ಬದುಕಲಾಗದ ಚಂದ್ರನಲ್ಲಿ ಯಂತ್ರವು ಅನಿವಾರ್ಯ. ದುಡಿಯುವ ಕೈಗಳು ಕಾದಿರುವ ಭೂಮಿಯಲ್ಲಿ ಅದು ಆಯ್ಕೆ ಮಾತ್ರ. ನೆರೆ, ಭೂಕಂಪಗಳಿಂದ ಮನೆ ಕಳೆದುಕೊಂಡವರಿಗೆ ಬೇಗನೆ ಸೂರು ಒದಗಿಸಲು ಅದು ದುಡಿಯಲಿ. ಗಾರೆಯವನ ಮಕ್ಕಳೂ ಅದನ್ನು ನಡೆಸಲು ಕಲಿಯಲಿ.

ಚಂದ್ರನ ಇಟ್ಟಿಗೆ ಕಲಿಸುವ ನಿಜವಾದ ಪಾಠ ಮಿತವ್ಯಯ. ಹಿಡಿ ಮಣ್ಣನ್ನೂ ವ್ಯರ್ಥಮಾಡದ ಆ ಎಚ್ಚರವು ಭೂಮಿಗೆ ಮರಳಿ, ಸೂರಿಲ್ಲದವನಿಗೆ ಒಂದು ಸೂರಾದಾಗಲೇ ಈ ಸಾಹಸವು ಸಾರ್ಥಕವಾಗುತ್ತದೆ.