ಮರಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋದವರೆಲ್ಲ ಸೆಲ್ಫಿ ತಗೊಂಡು ಬರ್ತಾರೆ. ನಾವು ನಾಲ್ವರು ನಾಯಿಮರಿ ತಗೊಂಡು ಬಂದ್ವಿ. ಹೆದ್ದಾರಿ ಪಕ್ಕ ಒಂದೇ ಸಮ ಕುಂಯ್‌ಗುಡ್ತಿತ್ತು, ಸುತ್ತ ತಾಯಿ ಕಾಣಲಿಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲ. ಆದರೆ ರೂಮಿನಲ್ಲಿ ಎರಡು ವರ್ಷದಿಂದ ಇರುವ ಬೆಕ್ಕು ಸುಬ್ಬಿಯ ನೆನಪು ಯಾರಿಗೂ ಬರಲಿಲ್ಲ.

ಬಂದ ಕೂಡಲೇ "ನೋಡವ್ವಾ ಸುಬ್ಬಿ, ತಮ್ಮ ಬಂದಾನ" ಅಂತ ಅದನ್ನು ಎತ್ತಿ ಮರಿಯ ಮೂತಿಗೆ ಹಿಡಿದೆವು. ಒಬ್ಬನ ಮುಂಗೈಗೆ ನಾಲ್ಕು ಗೀರು ಬಿದ್ದವು. 15 ನಿಮಿಷ ಸೋಪು ಹಚ್ಚಿ ತೊಳೆದು ದವಾಖಾನೆಗೆ ಓಡಿದ್ದಾಯ್ತು. ಸುಬ್ಬಿ ಕಪಾಟು ಹತ್ತಿ ಕೂತದ್ದು ಇಡೀ ದಿನ ಹಾಲು ಸಹ ಮುಟ್ಟಲಿಲ್ಲ.

ಈಗ ನಮಗನ್ನಿಸುವುದು ಇಷ್ಟೇ: ಹೊಂದಿಕೊಳ್ಳುವ ಹೊಣೆ ಬೆಕ್ಕಿನದಲ್ಲ, ಮರಿ ತಂದವರದು.

"ಮರಿ ಸಣ್ಣದೈತಿ, ತಾನಾಗೇ ಕಲೀತೈತಿ ಬಿಡ್ರಿ" ಅಂತಾರೆ ಗೆಳೆಯರು. ಕಲಿಯುತ್ತೆ, ನಿಜ. ಆದರೆ ಓಡುವ ಬೆಕ್ಕನ್ನು ಅಟ್ಟಿದರೆ ಮಜಾ ಬರುತ್ತೆ ಅನ್ನೋದನ್ನೂ ಅಷ್ಟೇ ಬೇಗ ಕಲಿಯುತ್ತೆ. ಮುಧೋಳದಂಥ ಬೇಟೆ ತಳಿಯಾದರಂತೂ ಅದು ರಕ್ತದಲ್ಲೇ ಇದೆ.

ಬೆಕ್ಕು ತನ್ನ ಜಾಗವನ್ನು ವಾಸನೆಯಿಂದ ಗುರುತಿಸುತ್ತೆ. ಬಾಗಿಲಿಗೆ ಕೆನ್ನೆ ಉಜ್ಜುವುದು ತನ್ನ ವಾಸನೆ ಬಿಡಲಿಕ್ಕೇ. ಹಾಗಾಗಿ ಮೊದಲು ಮುಖ ತೋರಿಸಬೇಡಿ. ಮರಿ ಮಲಗಿದ ಬಟ್ಟೆ ಬೆಕ್ಕಿನ ಹತ್ತಿರ, ಬೆಕ್ಕಿನದು ಮರಿಯ ಹತ್ತಿರ ಇಡಿ. ಕೆಲವು ದಿನ ಮುಚ್ಚಿದ ಬಾಗಿಲಿನ ಆಚೀಚೆ ಊಟ ಹಾಕಿ. ಆಮೇಲೆ ಮರಿಗೆ ಹಗ್ಗ ಕಟ್ಟಿ ಐದೈದು ನಿಮಿಷ ಭೇಟಿ. ಬೆಕ್ಕನ್ನು ಕಂಡೂ ಸುಮ್ಮನೆ ಕೂತರೆ ಮರಿಗೆ ಒಂದು ತುಣುಕು ಮೊಟ್ಟೆ. ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ ಯಾವಾಗಲೂ ಖಾಲಿ ಇರಲಿ. ಬಾಲದ ಮೇಲೂ ಕಣ್ಣಿಡಿ: ಮರಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಆಟಕ್ಕೆ ಕರೆ, ಬೆಕ್ಕು ಬಾಲ ಬಡಿದರೆ 'ದೂರ ಹೋಗು' ಅಂತ ಅರ್ಥ. ಇಷ್ಟರ ನಡುವೆ ಪಶು ವೈದ್ಯರ ಹತ್ತಿರ ಹೋಗಿ ಎರಡಕ್ಕೂ ರೇಬೀಸ್ ಲಸಿಕೆ ಹಾಕಿಸೋದನ್ನು ಮರೀಬೇಡಿ.

ಮೂರು ವಾರ ಆಯ್ತು. ರೀಲ್ಸ್‌ನಲ್ಲಿ ಕಾಣುವ ಹಾಗೆ ಇವು ತಬ್ಬಿಕೊಂಡು ಮಲಗಲ್ಲ. ಮರಿ ಕೆಳಗೆ, ಸುಬ್ಬಿ ಕಪಾಟಿನ ಮೇಲೆ. ಇಬ್ಬರೂ ನಿದ್ದೆ ಮಾಡ್ತಾರೆ. ನಮಗಂತೂ ಇಷ್ಟು ಸಾಕು.

ಇಷ್ಟು ವಾರ ಕೊಡಲು ಆಗದಿದ್ದರೆ ದಯವಿಟ್ಟು ಮರಿ ತರಬೇಡಿ. ತಂದು, "ಹೊಂದಲಿಲ್ಲ" ಅಂತ ಒಂದನ್ನು ಮತ್ತೆ ಹೆದ್ದಾರಿಗೆ ಬಿಡುವುದಕ್ಕಿಂತ ತರದಿರುವುದೇ ವಾಸಿ. ಸೆಮಿಸ್ಟರ್ ರಜೆಯಲ್ಲಿ ಯಾರು ನೋಡ್ಕೋತಾರೆ ಅನ್ನೋದೂ ಮೊದಲೇ ತೀರ್ಮಾನ ಆಗಬೇಕು. ನಾವು ತಡವಾಗಿಯಾದರೂ ಪಾಳಿ ಬರೆದು ಬಾಗಿಲಿಗೆ ಅಂಟಿಸಿದ್ದೇವೆ.