ಸದ್ದು ಅಡಗಿದ ಮೇಲಿನ ಗಾಳಿ

ಗಣಿಯಲ್ಲಿ ಸ್ಫೋಟವಾಗಿ ಇಷ್ಟು ಮಂದಿ ಸತ್ತರು ಎಂದು ಓದಿದ ಕೂಡಲೇ, ಕೊಂದದ್ದು ಸ್ಫೋಟವೇ ಎಂದು ಒಪ್ಪಿಕೊಂಡುಬಿಡುತ್ತೇವೆ. ಅಷ್ಟು ದೊಡ್ಡ ಸದ್ದು, ಅಷ್ಟು ದೊಡ್ಡ ಬೆಂಕಿ ಕಣ್ಣೆದುರಿಗಿರುವಾಗ ಬೇರೆ ಕಾರಣ ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ? ಆದರೆ ಹುಡುಕಲೇಬೇಕು. ಹುಡುಕದೆ ಬಿಟ್ಟರೆ ಮುಂದಿನ ಸಲ ಒಳಗೆ ಸಿಕ್ಕಿಕೊಳ್ಳುವವರಿಗೆ ಅನ್ಯಾಯವಾಗುತ್ತದೆ.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸಿಡಿದು 57 ಮಂದಿ ಸತ್ತರು. ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ರಕ್ತದಲ್ಲಿ ವಿಷಾನಿಲವಿದೆಯೇ ಎಂದು ಗುರುತು ಹಿಡಿಯುವ ಅವರ ವಿಧಾನ ಬಹಳ ಸರಳ. ಒಂದು ಹನಿ ರಕ್ತವನ್ನು ಸುಮಾರು ನೂರು ಪಾಲು ನೀರಿನಲ್ಲಿ ಕದಡಬೇಕು. ಆರೋಗ್ಯವಂತರ ರಕ್ತವಾದರೆ ನೀರು ಹಳದಿಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಸೇರಿದ ರಕ್ತವಾದರೆ ಗುಲಾಬಿಯಾಗುತ್ತದೆ. ಹೆಚ್ಚಿನವರ ಪ್ರಾಣ ತೆಗೆದದ್ದು ಸ್ಫೋಟದ ಹೊಡೆತವಲ್ಲ, ಆಮೇಲೆ ಸುರಂಗ ತುಂಬಿದ ಈ ಅನಿಲ ಎಂದು ಅವರು ವರದಿ ಕೊಟ್ಟರು.

ಗಣಿಗರು ಆ ಗಾಳಿಯನ್ನು ‘ಆಫ್ಟರ್‌ಡ್ಯಾಂಪ್’ ಎನ್ನುತ್ತಿದ್ದರು. ಕಲ್ಲಿದ್ದಲ ಧೂಳು ಸಾಕಷ್ಟು ಆಮ್ಲಜನಕವಿಲ್ಲದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಸ್ಫೋಟವೇ ಆಗದಿದ್ದರೆ ಅನಿಲವೆಲ್ಲಿಂದ ಬರುತ್ತಿತ್ತು ಎಂದು ಕೇಳಬಹುದು. ನಿಜ, ಸ್ಫೋಟ ತಡೆಯುವುದೇ ಮೊದಲ ಕೆಲಸ. ಆದರೆ ಸಿಡಿದಾದ ಮೇಲೆ ಒಳಗುಳಿದವನಿಗೆ ಆ ತರ್ಕದಿಂದ ಏನು ಸಿಕ್ಕೀತು? ಸ್ಫೋಟದ ಹೊಡೆತ ಒಂದು ಕ್ಷಣದ್ದು. ಅನಿಲಕ್ಕೆ ಕೊಲ್ಲಲು ಸಮಯ ಬೇಕು, ಬದುಕಿಸುವ ಅವಕಾಶವೂ ಆ ಸಮಯದಲ್ಲೇ ಇದೆ. ಅದಕ್ಕೆಂದೇ ಹಾಲ್ಡೇನ್ ಗಣಿಗೆ ಪುಟ್ಟ ಪ್ರಾಣಿಗಳನ್ನು ಒಯ್ಯಲು ಹೇಳಿದರು. ಮನುಷ್ಯನಿಗಿಂತ ಮೊದಲೇ ಅವಕ್ಕೆ ವಿಷ ತಾಗುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಕೆನರಿ ಹಕ್ಕಿಗಳು 1986ರವರೆಗೂ ಇದ್ದವು. ಇಂದು ಕಲ್ಲಿದ್ದಲು ಗಣಿಗೆ ಇಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ, ವಿಷಗಾಳಿಯಲ್ಲಿ ಉಸಿರು ಕಾಯುವ ಸೆಲ್ಫ್ ರೆಸ್ಕ್ಯೂವರ್ ಡಬ್ಬಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಈ ಮಾತು ಗಣಿಗೆ ಮಾತ್ರ ಸೇರಿದ್ದಲ್ಲ. ಮುಚ್ಚಿದ ಕೋಣೆಯಲ್ಲಿ ಏನೇ ಸಿಡಿದು ಹೊತ್ತಿ ಉರಿದರೂ ಇದೇ ಅಪಾಯ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಸಾಮಾನ್ಯ ಆಕ್ಸಿಮೀಟರಿಗೆ ಮಾನಾಕ್ಸೈಡ್ ಹೊತ್ತ ರಕ್ತವೂ ಆಮ್ಲಜನಕ ಹೊತ್ತ ರಕ್ತವೂ ಹೆಚ್ಚುಕಡಿಮೆ ಒಂದೇ. ಉಸಿರು ಕಟ್ಟಿ ಸಾಯುತ್ತಿರುವವನ ಬೆರಳಿನ ಮೇಲೆ 98 ಎಂದು ತೋರಿಸೀತು. ಸುಟ್ಟ ಗಾಯವಿಲ್ಲ, ಅಂಕಿ ಸರಿಯಾಗಿದೆ ಎಂದು ಅಂಥವನನ್ನು ಆಸ್ಪತ್ರೆಯ ಮೂಲೆಯ ಬೆಂಚಿನಲ್ಲಿ ಕೂರಿಸಿಬಿಡಬಹುದು ಎಂಬುದೇ ನನ್ನ ಭಯ. ತಲೆನೋವು, ವಾಕರಿಕೆ ಎಂದರೆ ಗಾಬರಿಯಿಂದ ಎಂದುಕೊಳ್ಳುವುದೂ ಸುಲಭ. ಅವನಿಗೆ ಮೊದಲು ಆಕ್ಸಿಜನ್ ಮಾಸ್ಕ್ ಹಾಕಬೇಕು, ಆಮೇಲೆ ರಕ್ತವನ್ನು ಪರೀಕ್ಷೆಗೆ ಕಳಿಸಬೇಕು. ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ಬರೀ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು, ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ.